ಲಿಂಕನ್ ನೋವು ಅರಿತ ಗೆಳೆಯ

ಅಬ್ರಹಾಂ ಲಿಂಕನ್ ಎಂದೊಡನೆ ಗುಲಾಮಗಿರಿಯ ವಿರುದ್ಧ ನಿಂತ ಅಮೆರಿಕದ 16ನೇ ಅಧ್ಯಕ್ಷರು ನೆನಪಾಗುತ್ತಾರೆ. ಕಡುಬಡತನದಲ್ಲಿ ಓದಿ ಮೇಲೆ ಬಂದ ಅವರ ಕತೆ ಶಾಲಾ ಮಕ್ಕಳಿಗೂ ಗೊತ್ತು. ಆದರೆ ಇದೇ ಲಿಂಕನ್ ಯೌವನದಲ್ಲಿ ಸಾವಿನ ಯೋಚನೆಯೊಂದಿಗೆ ದಿನ ದೂಡಿದ್ದರು ಎಂಬುದು ಹೆಚ್ಚಿನವರಿಗೆ ತಿಳಿದಿಲ್ಲ.

1809ರ ಫೆಬ್ರವರಿ 12ರಂದು ಕೆಂಟಕಿಯಲ್ಲಿ ಹುಟ್ಟಿದ ಲಿಂಕನ್ 9ನೇ ವಯಸ್ಸಿನಲ್ಲೇ ತಾಯಿಯನ್ನು ಕಳೆದುಕೊಂಡರು. 1828ರಲ್ಲಿ ಅಕ್ಕನೂ ತೀರಿಕೊಂಡರು. 1835ರಲ್ಲಿ ಇಲಿನಾಯ್ ರಾಜ್ಯದ ನ್ಯೂ ಸೇಲಂ ಊರಿನಲ್ಲಿ ಆಪ್ತಳಾಗಿದ್ದ ಆನ್ ರಟ್ಲೆಜ್ ಎಂಬ ಯುವತಿ ಜ್ವರಕ್ಕೆ ಬಲಿಯಾದಾಗ ಅವರು ಕುಸಿದು ಹೋದರು. ಊರಿನವರು ಅವರ ಮೇಲೆ ಕಣ್ಣಿಟ್ಟು ಕಾಯಬೇಕಾಯಿತು ಎಂದು ನೆರೆಹೊರೆಯವರು ಮುಂದೆ ನೆನಪಿಸಿಕೊಂಡಿದ್ದಾರೆ.

ಆ ಹೊತ್ತಿಗೆ ಲಿಂಕನ್ ರಾಜ್ಯದ ಶಾಸಕರೂ ಆಗಿದ್ದರು. ನಾಲ್ಕು ಜನ ಸೇರಿದಲ್ಲಿ ನಗೆಚಾಟಿಕೆ ಹಾರಿಸುತ್ತಿದ್ದ ಅವರು ಒಂಟಿಯಾದೊಡನೆ ಮಂಕಾಗುತ್ತಿದ್ದರು. ತಮ್ಮ ಮೇಲೆ ತಮಗೇ ನಂಬಿಕೆಯಿಲ್ಲದೆ ಜೇಬಿನಲ್ಲಿ ಚಾಕು ಇಟ್ಟುಕೊಳ್ಳಲೂ ಹೆದರುವುದಾಗಿ ಸಹೋದ್ಯೋಗಿ ಶಾಸಕರೊಬ್ಬರಲ್ಲಿ ಹೇಳಿಕೊಂಡಿದ್ದರು.

1841ರ ಜನವರಿ ಇನ್ನೂ ಕಠಿಣವಾಗಿತ್ತು. ಮೇರಿ ಟಾಡ್ ಜೊತೆಗಿನ ಮದುವೆ ಮಾತು ಮುರಿದುಬಿತ್ತು. ಲಿಂಕನ್ ಹಾಸಿಗೆ ಹಿಡಿದರು, ಶಾಸನಸಭೆಗೂ ಹೋಗಲಿಲ್ಲ. ಸ್ಪ್ರಿಂಗ್‌ಫೀಲ್ಡ್ ಆಗ ಚಿಕ್ಕ ಊರು, ಸುದ್ದಿ ಹರಡಲು ತಡವಾಗಲಿಲ್ಲ. ಜನರೆದುರು ಮರ್ಯಾದೆಗೆಟ್ಟೆ ಎಂಬ ಸಂಕಟವನ್ನು ಅವರು ವಕೀಲಿ ವೃತ್ತಿಯ ಪಾಲುದಾರರಿಗೆ ಬರೆದ ಪತ್ರದಲ್ಲಿ ತೋಡಿಕೊಂಡರು.

ಆಗ ಕೈಹಿಡಿದವರು ಗೆಳೆಯ ಜೋಶುವಾ ಸ್ಪೀಡ್. ಒಂದೇ ಕೋಣೆಯಲ್ಲಿ ವಾಸವಿದ್ದವರು. ಅಪಾಯ ತರಬಹುದಾದ ವಸ್ತುಗಳನ್ನೆಲ್ಲ ಸ್ಪೀಡ್ ಅಲ್ಲಿಂದ ತೆಗೆದಿಟ್ಟರು. ಹೀಗೇ ಇದ್ದರೆ ಉಳಿಯಲಾರೆ ಎಂದು ನೇರವಾಗಿ ಎಚ್ಚರಿಸಿದರು. ಸಾಯಲು ಅಂಜಿಕೆಯಿಲ್ಲ, ಆದರೆ ಜನ ನೆನಪಿಡುವಂಥ ಕೆಲಸ ಒಂದನ್ನೂ ಮಾಡಿಲ್ಲವಲ್ಲ ಎಂಬುದು ಲಿಂಕನ್ ಕೊರಗಾಗಿತ್ತು. ಅದೇ ವರ್ಷ ಸ್ಪೀಡ್ ಅವರ ಕೆಂಟಕಿಯ ಮನೆಯಲ್ಲಿ ಕೆಲವು ವಾರ ಇದ್ದು ಚೇತರಿಸಿಕೊಂಡರು. ಮುಂದೆ ತಮ್ಮ ಮದುವೆಯ ವಿಷಯದಲ್ಲಿ ಸ್ಪೀಡ್ ತಳಮಳಕ್ಕೆ ಬಿದ್ದಾಗ ಪತ್ರದ ಮೇಲೆ ಪತ್ರ ಬರೆದು ಧೈರ್ಯ ತುಂಬಿದವರು ಇದೇ ಲಿಂಕನ್. 1842ರ ನವೆಂಬರ್ 4ರಂದು ಲಿಂಕನ್ ಮೇರಿಯನ್ನೇ ಮದುವೆಯಾದರು.

ಖಿನ್ನತೆ ಅವರನ್ನು ಪೂರ್ತಿ ಬಿಟ್ಟು ಹೋಗಲಿಲ್ಲ. 1862ರಲ್ಲಿ ಮಗ ವಿಲ್ಲಿ ತೀರಿಕೊಂಡ. ಅದೇ ವರ್ಷದ ಕೊನೆಯಲ್ಲಿ, ಯುದ್ಧದಲ್ಲಿ ತಂದೆಯನ್ನು ಕಳೆದುಕೊಂಡ ಯುವತಿಯೊಬ್ಬಳಿಗೆ, ಈ ದುಃಖ ಇಳಿದೇ ಇಳಿಯುತ್ತದೆ, ಇದು ನನ್ನ ಸ್ವಂತ ಅನುಭವ ಎಂಬರ್ಥದಲ್ಲಿ ಸಾಂತ್ವನದ ಪತ್ರ ಬರೆದರು. 1863ರ ಜನವರಿ 1ರಂದು ಗುಲಾಮರ ವಿಮೋಚನಾ ಘೋಷಣೆಗೆ ಸಹಿ ಹಾಕಿದರು. ಬಳಿಕ ಭೇಟಿಯಾದ ಸ್ಪೀಡ್‌ಗೆ ಆ ಹಳೆಯ ಮಾತನ್ನು ನೆನಪಿಸಿ, ತಮ್ಮ ಆಸೆ ಈಡೇರುವ ಭರವಸೆ ಈಗ ಬಂದಿದೆ ಎಂದರು. 1865ರ ಏಪ್ರಿಲ್ 15ರಂದು ಹಂತಕನ ಗುಂಡೇಟಿನಿಂದ ಅಸುನೀಗಿದರು.

ಗುಟ್ಟು ಹೊರಬಿದ್ದರೆ ಮಾನ ಹೋಯಿತು ಎಂಬ ಭಯ ಲಿಂಕನ್‌ಗೂ ಇತ್ತು. ಆದರೆ ಗುಟ್ಟು ತಿಳಿದ ಗೆಳೆಯನೇ ಅವರನ್ನು ಉಳಿಸಿಕೊಂಡ. ಅಂಥ ಯೋಚನೆ ನಿಮ್ಮನ್ನು ಕಾಡುತ್ತಿದ್ದರೆ ನಂಬಿಕಸ್ಥರೊಬ್ಬರಲ್ಲಿ ಇಂದೇ ಹೇಳಿಕೊಳ್ಳಿ. ಟೆಲಿ ಮಾನಸ್ ಉಚಿತ ಸಹಾಯವಾಣಿ 14416ಕ್ಕೆ ದೇಶದ ಯಾವ ರಾಜ್ಯದಿಂದಲೂ ಹಗಲು ರಾತ್ರಿ ಕರೆ ಮಾಡಬಹುದು. ಕನ್ನಡದಲ್ಲೂ ಮಾತನಾಡಬಹುದು.