ಪಟ್ಟಿಯಿಂದ ಬಿಟ್ಟುಹೋದ ಸಂಖ್ಯೆ

ಚೆನ್ನೈ ಬೀಚ್ ನಿಲ್ದಾಣದಲ್ಲಿ ತಾಂಬರಂ ಲೋಕಲ್ ಹತ್ತಿದರೆ, ಎಗ್ಮೋರ್ ದಾಟಿದ ಕೂಡಲೇ ಚೇತ್‌ಪೇಟ್ ಬರುತ್ತದೆ. ಬೀಚ್ ನಿಲ್ದಾಣದ ಮಗ್ಗುಲಿನ ಬಂದರಿನಲ್ಲಿ ಶ್ರೀನಿವಾಸ ರಾಮಾನುಜನ್ ಗುಮಾಸ್ತರಾಗಿದ್ದರು. ಚೇತ್‌ಪೇಟ್‌ನಲ್ಲಿ ತೀರಿಕೊಂಡರು. ಈ ಊರಿಗೆ ಕೆಲಸಕ್ಕೆ ಬಂದ ನನ್ನಂಥವರು ದಿನವೂ ಈ ಹಾದಿಯಲ್ಲಿ ಮೊಬೈಲ್ ನೋಡುತ್ತಾ ಸಾಗುತ್ತೇವೆ.

1887ರ ಡಿಸೆಂಬರ್ 22ರಂದು ಈರೋಡಿನಲ್ಲಿ ಹುಟ್ಟಿದವರು, ಬೆಳೆದದ್ದು ಕುಂಭಕೋಣಂನಲ್ಲಿ. ಗಣಿತ ಬಿಟ್ಟು ಬೇರೇನೂ ಓದದೆ ಅಲ್ಲಿನ ಕಾಲೇಜಿನ ವಿದ್ಯಾರ್ಥಿವೇತನ ಕಳೆದುಕೊಂಡರು. ಮದ್ರಾಸಿನ ಪಚ್ಚೈಯಪ್ಪ ಕಾಲೇಜಿಗೆ ಸೇರಿ ಎಫ್.ಎ. ಪರೀಕ್ಷೆಯಲ್ಲೂ ಫೇಲಾದರು. ಕಾಗದ ದುಬಾರಿಯೆಂದು ಸ್ಲೇಟಿನ ಮೇಲೆ ಲೆಕ್ಕ ಮಾಡಿ, ಮೊಣಕೈಯಿಂದ ಒರೆಸಿ, ಉತ್ತರ ಮಾತ್ರ ನೋಟ್‌ಬುಕ್ಕಿಗೆ ಇಳಿಸುತ್ತಿದ್ದರು. 1912ರಲ್ಲಿ ಪೋರ್ಟ್ ಟ್ರಸ್ಟಿನ ಕೆಲಸ ಸಿಕ್ಕಿತು, ತಿಂಗಳಿಗೆ 30 ರೂಪಾಯಿ. ಮರುವರ್ಷ ಕೇಂಬ್ರಿಜ್‌ನ ಹಾರ್ಡಿಗೆ ಕಾಗದ ಬರೆದರು. 1914ರ ಮಾರ್ಚ್‌ನಲ್ಲಿ ಇದೇ ಬಂದರಿನಿಂದ ಹಡಗು ಹತ್ತಿದರು.

ರಾಮಾನುಜನ್ ಎಂದರೆ ಎಲ್ಲರಿಗೂ 1729. ನನಗೆ ಹಿಡಿಸಿದ್ದು 1915ರ ಪ್ರಬಂಧದ ಸಂಖ್ಯೆಗಳು. ಒಂದು ಡಜನ್ ಬಾಳೆಹಣ್ಣನ್ನು ಇಬ್ಬರಿಗೆ, ಮೂವರಿಗೆ, ನಾಲ್ವರಿಗೆ, ಆರು ಜನಕ್ಕೆ ಸಮನಾಗಿ ಹಂಚಬಹುದು. 12ಕ್ಕೆ ಆರು ಅಪವರ್ತನಗಳು. ಅದಕ್ಕಿಂತ ಚಿಕ್ಕ ಯಾವ ಸಂಖ್ಯೆಗೂ ಅಷ್ಟಿಲ್ಲ. ಹೀಗೆ ತನಗಿಂತ ಚಿಕ್ಕವುಗಳನ್ನೆಲ್ಲ ಅಪವರ್ತನಗಳ ಎಣಿಕೆಯಲ್ಲಿ ಸೋಲಿಸುವುದು ಅತಿ ಸಂಯುಕ್ತ ಸಂಖ್ಯೆ. 24, 60, 360 ಇದೇ ಜಾತಿಯವು. ಗಡಿಯಾರಕ್ಕೆ 60, ವೃತ್ತಕ್ಕೆ 360 ಒಗ್ಗಿಬಂದದ್ದು ಸುಮ್ಮನೆ ಅಲ್ಲ.

ಇಂಥ ಸಂಖ್ಯೆಯನ್ನು ಬಿಡಿಸಿದರೆ 2, 3, 5, 7 ಎಂದು ಅವಿಭಾಜ್ಯಗಳು ನಡುವೆ ಒಂದೂ ತಪ್ಪದೆ ಬರುತ್ತವೆ, ಅವುಗಳ ಘಾತ ಮುಂದೆ ಹೋದಂತೆ ಎಲ್ಲೂ ಏರುವುದಿಲ್ಲ. ಕೊನೆಯ ಅವಿಭಾಜ್ಯದ ಘಾತ ಯಾವಾಗಲೂ ಒಂದೇ. 4 ಮತ್ತು 36 ಮಾತ್ರ ಅಪವಾದ. ಇದನ್ನೆಲ್ಲ ಸಾಧಿಸಿದ ರಾಮಾನುಜನ್ ಒಂದು ಉದ್ದದ ಪಟ್ಟಿಯನ್ನೂ ಕೊಟ್ಟರು. ಅದರ ಕೊನೆಯ ಸಂಖ್ಯೆ 67,46,32,83,88,800. ಆರೂಮುಕ್ಕಾಲು ಲಕ್ಷ ಕೋಟಿಯ ಹತ್ತಿರ, ಅಪವರ್ತನಗಳು 10,080. ಕಂಪ್ಯೂಟರ್ ಇಲ್ಲದ ಕಾಲ.

ಆ ಪಟ್ಟಿಯಲ್ಲಿ ಒಂದು ಸಂಖ್ಯೆ ಬಿಟ್ಟುಹೋಗಿದೆ: 2,93,31,86,25,600. ಇದಕ್ಕೆ 5,040 ಅಪವರ್ತನಗಳು. ಇದನ್ನು 23ರಿಂದ ಗುಣಿಸಿ ನೋಡಿ, ಪಟ್ಟಿಯ ಕೊನೆಯ ಸಂಖ್ಯೆಯೇ ಬರುತ್ತದೆ! ಇಂದು ಪೈಥಾನ್‌ನಲ್ಲಿ ಕೆಲವು ಸಾಲು ಬರೆದರೆ ಈ ಲೋಪ ಕ್ಷಣದಲ್ಲಿ ಸಿಗುತ್ತದೆ. ಅದರಲ್ಲಿ ನಮ್ಮ ಹೆಚ್ಚುಗಾರಿಕೆ ಏನೂ ಇಲ್ಲ ಬಿಡಿ. ಎಲ್ಲಿ ಹುಡುಕಬೇಕು ಎಂದು ಪ್ರೋಗ್ರಾಮಿಗೆ ಹೇಳುವುದೇ ಅವರು ಸಾಧಿಸಿದ ಆ ನಿಯಮಗಳು.

ಎಫ್.ಎ. ದಾಟದವರಿಗೆ 1916ರಲ್ಲಿ ಕೇಂಬ್ರಿಜ್ ಬಿ.ಎ. ಪದವಿ ಕೊಟ್ಟಿದ್ದು ಈ ಪ್ರಬಂಧಕ್ಕೇ. 1918ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದರು. ಅಷ್ಟರಲ್ಲಿ ಆರೋಗ್ಯ ಕೆಟ್ಟಿತ್ತು. 1919ರಲ್ಲಿ ಮರಳಿ ಬಂದು, ಹಾಸಿಗೆ ಹಿಡಿದಾಗಲೂ ಲೆಕ್ಕ ಬಿಡದೆ, 1920ರ ಏಪ್ರಿಲ್ 26ರಂದು ತೀರಿಕೊಂಡಾಗ ವಯಸ್ಸು 32.

ಲಂಡನ್ ಮ್ಯಾಥಮೆಟಿಕಲ್ ಸೊಸೈಟಿಗೆ ಹಣದ ಮುಗ್ಗಟ್ಟು ಇದ್ದದ್ದರಿಂದ 1915ರಲ್ಲಿ ಪ್ರಬಂಧದ ಒಂದು ಭಾಗ ಅಚ್ಚಾಗದೆ ಉಳಿದಿತ್ತು. ಅದು ಟಿಪ್ಪಣಿಗಳ ಸಮೇತ ಪ್ರಕಟವಾದದ್ದು 1997ರಲ್ಲಿ, ಅವರದೇ ಹೆಸರಿನ ರಾಮಾನುಜನ್ ಜರ್ನಲ್‌ನಲ್ಲಿ.