ಮೂವತ್ತು ಕೆ.ಜಿ. ಹುಡುಗಿಯ ಚಿನ್ನದ ಜಿಗಿತ

ಎತ್ತರ 4 ಅಡಿ 7 ಇಂಚು. ತೂಕ 30 ಕೆ.ಜಿ.ಗೂ ಕಡಿಮೆ. ವಯಸ್ಸು 14. ಬೆಲ್ಜಿಯಂನ ಆಂಟ್‌ವರ್ಪ್‌ನಲ್ಲಿ ನಡೆದ 1920ರ ಒಲಿಂಪಿಕ್ಸ್‌ನಲ್ಲಿ ಮಹಿಳೆಯರ ಸ್ಪ್ರಿಂಗ್‌ಬೋರ್ಡ್ ಡೈವಿಂಗ್ ಚಿನ್ನ ಗೆದ್ದ ಅಮೆರಿಕದ ಐಲೀನ್ ರಿಗ್ಗಿನ್ ಎಂಬ ಹುಡುಗಿಯ ಬಯೊಡೇಟಾ ಇದು. ಇಂಥ ಬಯೊಡೇಟಾ ಹಿಡಿದು ಯಾವುದಾದರೂ ಕ್ರೀಡಾಕೂಟಕ್ಕೆ ಹೆಸರು ಕೊಡಲು ಹೋದರೆ, ಗ್ಯಾಲರಿಯಲ್ಲಿ ಕೂತು ಚಪ್ಪಾಳೆ ಹೊಡಿಯಮ್ಮಾ ಎಂದು ಕಳಿಸುವವರೇ ಹೆಚ್ಚು. ಅವಳಿಗೂ ಹೆಚ್ಚುಕಡಿಮೆ ಅದೇ ಆಯಿತು.

ನಾನು ಓದುತ್ತಿರುವುದು ಬಿ.ಇ. ಡೈವಿಂಗ್ ಬಗ್ಗೆ ಕುತೂಹಲ ಹುಟ್ಟಿದ್ದು ಈಜುಕೊಳದಲ್ಲಲ್ಲ, ಮೆಕ್ಯಾನಿಕ್ಸ್ ತರಗತಿಯಲ್ಲಿ. ಗಾಳಿಯಲ್ಲಿ ತಿರುಗುವ ದೇಹ ಮುದುಡಿಕೊಂಡರೆ ವೇಗವಾಗಿ ಸುತ್ತುತ್ತದೆ, ನೀಳವಾದರೆ ನಿಧಾನವಾಗುತ್ತದೆ ಎಂಬುದಕ್ಕೆ ಡೈವರ್‌ಗಳಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ಆ ಕುತೂಹಲದಿಂದ ಹಳೆಯ ಡೈವರ್‌ಗಳ ಬಗ್ಗೆ ಓದುತ್ತಾ ಹೋದಾಗ ಸಿಕ್ಕವಳು ಐಲೀನ್. ಎಳೆಯರಿಗೆ ಡೈವಿಂಗ್ ಏನು ಕೊಡುತ್ತದೆ ಎಂದು ಯಾರಾದರೂ ಕೇಳಿದರೆ ನಾನು ಸೂತ್ರ ಹೇಳುವುದಿಲ್ಲ, ಇವಳ ಕಥೆ ಹೇಳುತ್ತೇನೆ.

ಐಲೀನ್ ಹುಟ್ಟಿದ್ದು 1906ರ ಮೇ 2ರಂದು, ಅಮೆರಿಕದ ನ್ಯೂಪೋರ್ಟ್‌ನಲ್ಲಿ. ತಂದೆ ನೌಕಾಪಡೆಯಲ್ಲಿದ್ದರು. ಅವರಿಗೆ ಫಿಲಿಪೀನ್ಸ್‌ಗೆ ವರ್ಗವಾದಾಗ ಪುಟ್ಟ ಐಲೀನ್ ಮನಿಲಾ ಕೊಲ್ಲಿಯಲ್ಲಿ ಈಜು ಕಲಿತಳು. ಮುಂದೆ ಕುಟುಂಬ ನ್ಯೂಯಾರ್ಕ್‌ಗೆ ಬಂತು. 1918ರ ಆ ಭಯಂಕರ ಫ್ಲೂ ಪಿಡುಗು ಅವಳನ್ನೂ ಬಿಡಲಿಲ್ಲ. ಜೀವ ಉಳಿಯಿತು, ದೇಹ ಸೊರಗಿತು. ಚೇತರಿಸಿಕೊಳ್ಳಲು ಈಜು ಒಳ್ಳೆಯದು ಎಂಬ ಸಲಹೆ ಬಂದದ್ದೇ ಅವಳ ಕ್ರೀಡಾ ಬದುಕಿನ ಆರಂಭ. ಪದಕ, ಹೆಸರು ಯಾವುದೂ ಆಗ ಲೆಕ್ಕದಲ್ಲಿರಲಿಲ್ಲ. ಹುಡುಗಿ ಗಟ್ಟಿಯಾದರೆ ಸಾಕಿತ್ತು.

ಅವಳು ಸೇರಿದ ಕ್ಲಬ್‌ನ ಕಥೆಯೂ ಸ್ವಾರಸ್ಯವಾಗಿದೆ. ನ್ಯೂಯಾರ್ಕ್‌ನ ಮಹಿಳಾ ಈಜು ಸಂಘವನ್ನು 1917ರಲ್ಲಿ ಕಟ್ಟಿದವರು ಷಾರ್ಲೆಟ್ ಎಪ್‌ಸ್ಟೈನ್. ವೃತ್ತಿಯಲ್ಲಿ ನ್ಯಾಯಾಲಯದ ಸ್ಟೆನೊಗ್ರಾಫರ್. ಕೆಲಸ ಮುಗಿಸಿ ಬಂದ ಹೆಣ್ಣುಮಕ್ಕಳಿಗೆ ಈಜಲು ಒಂದು ಜಾಗ ಬೇಕು ಎಂಬುದಷ್ಟೇ ಅವರ ಮೊದಲ ಗುರಿ. ಕೋಚ್ ಲೂಯಿ ಹ್ಯಾಂಡ್ಲಿ ಸಂಬಳವಿಲ್ಲದೆ ಕಲಿಸುತ್ತಿದ್ದರು. ಆಗಿನ ಅಮೆರಿಕದಲ್ಲಿ ಹುಡುಗಿಯರು ಕಾಲುಚೀಲ ಹಾಕಿಕೊಂಡೇ ಸಮುದ್ರಕ್ಕೆ ಇಳಿಯಬೇಕಿತ್ತು. ಇದೇ ಕ್ಲಬ್‌ನ ಎಥೆಲ್ಡಾ ಬ್ಲೈಬ್ಟ್ರಿ 1919ರಲ್ಲಿ ಈಜುವ ಮೊದಲು ಕಾಲುಚೀಲ ಕಳಚಿದ್ದಕ್ಕೆ ಪೊಲೀಸ್ ಕೇಸೇ ಆಗಿತ್ತು! ಪೋಲಿಯೊ ಬಂದ ಮೇಲೆ ಈಜಿಗೆ ಇಳಿದಿದ್ದ ಆ ಎಥೆಲ್ಡಾ ಮರುವರ್ಷ ಆಂಟ್‌ವರ್ಪ್‌ನಲ್ಲಿ ಮೂರು ಚಿನ್ನ ಗೆದ್ದಳು. ಕಾಯಿಲೆಯಿಂದ ಎದ್ದ ಇಬ್ಬರು ಹುಡುಗಿಯರು, ಒಂದೇ ಕ್ಲಬ್. ಕ್ರೀಡೆ ಅಂದರೆ ಮೊದಲೇ ಗಟ್ಟಿಮುಟ್ಟಾಗಿ ಇರುವವರಿಗೆ ಮಾತ್ರ ಎನ್ನುವವರು ಈ ಕ್ಲಬ್‌ನ ಚರಿತ್ರೆ ಓದಬೇಕು.

1912ರ ಒಲಿಂಪಿಕ್ಸ್‌ನಲ್ಲೇ ಮಹಿಳೆಯರ ಈಜು ಇತ್ತು, ಆದರೆ ಅಮೆರಿಕ ಒಬ್ಬಳನ್ನೂ ಕಳಿಸಿರಲಿಲ್ಲ. 1920ರಲ್ಲಿ ಕಳಿಸಲು ಒಪ್ಪಿದಾಗಲೂ ತಕರಾರು ತಪ್ಪಲಿಲ್ಲ. ಐಲೀನ್ ಮತ್ತು ಅವಳ ಗೆಳತಿ ಹೆಲೆನ್ ವೇನ್‌ರೈಟ್ ಇಬ್ಬರಿಗೂ 14 ವರ್ಷ. ಮಕ್ಕಳನ್ನು ಹಡಗಿನಲ್ಲಿ ಅಷ್ಟು ದೂರ ಹೇಗೆ ಕರೆದೊಯ್ಯುವುದು ಎಂದು ಅಧಿಕಾರಿಗಳು ಹಿಂದೇಟು ಹಾಕಿದರು. ಆಯ್ಕೆ ಸ್ಪರ್ಧೆಯಲ್ಲಿ ಗೆದ್ದು ತೋರಿಸಿದ ಮೇಲೂ ಅರ್ಹತೆಯ ಪ್ರಶ್ನೆ! ಕ್ಲಬ್‌ನ ಹಿರಿಯ ಮಹಿಳೆಯರು ಪಟ್ಟು ಹಿಡಿದು ವಾದಿಸಿದ ಮೇಲೆಯೇ ಇಬ್ಬರಿಗೂ ಹಡಗು ಹತ್ತಲು ಅನುಮತಿ ಸಿಕ್ಕಿದ್ದು. ಕೆಲಸದ ಜಾಹೀರಾತಿನಲ್ಲಿ ಎಲ್ಲ ಸರಿಹೊಂದಿಯೂ ಅನುಭವದ ಕಾಲಂ ಮುಂದೆ ನಿಂತುಬಿಡುವ ನಮ್ಮ ಸೀನಿಯರ್‌ಗಳಿಗೆ ಈ ಸಂಕಟ ಹೊಸದಲ್ಲ.

ಪ್ರಿನ್ಸೆಸ್ ಮಟೋಯಿಕಾ ಎಂಬ ಆ ಹಡಗು ಮೊದಲನೇ ಮಹಾಯುದ್ಧದಲ್ಲಿ ಸತ್ತ ಸೈನಿಕರ ಶವಗಳನ್ನು ಆಗಷ್ಟೇ ಹೊತ್ತು ತಂದಿತ್ತು. ಅದರ ವಾಸನೆ ಇನ್ನೂ ಹೋಗಿರಲಿಲ್ಲ. ಈಜುವವರ ಅಭ್ಯಾಸಕ್ಕೆ ಡೆಕ್ ಮೇಲೆ ಕ್ಯಾನ್ವಾಸಿನ ತೊಟ್ಟಿ ಕಟ್ಟಿ ಸಮುದ್ರದ ನೀರು ತುಂಬಿಸಿದ್ದರು. ಅದರಲ್ಲಿ ಡೈವ್ ಮಾಡುವ ಮಾತೆಲ್ಲಿ ಬಂತು?

ಆಂಟ್‌ವರ್ಪ್ ತಲುಪಿದರೆ ಅಲ್ಲಿ ಈಜುಕೊಳವೇ ಇಲ್ಲ. ನಗರದ ಹಳೆಯ ಕೋಟೆ ಕಂದಕಕ್ಕೆ ಹಲಗೆ ಜೋಡಿಸಿ ಸ್ಪರ್ಧೆಗೆ ಅಣಿ ಮಾಡಿದ್ದರು. ನೀರು ಕಪ್ಪು, ಮೈ ಕೊರೆಯುವಷ್ಟು ತಣ್ಣಗೆ. ಕೆಳಗೆ ಏನಿದೆಯೋ ಕಾಣದು. ತಳದ ಕೆಸರಿನಲ್ಲಿ ಸಿಕ್ಕಿಕೊಂಡರೆ ಈ ಕಪ್ಪು ನೀರಿನಲ್ಲಿ ನನ್ನನ್ನು ಯಾರು ಹುಡುಕುತ್ತಾರೆ ಎಂಬ ಭಯ ತನ್ನನ್ನು ಕಾಡಿತ್ತೆಂದು ಐಲೀನ್ ಮುಂದೆ ನೆನಪಿಸಿಕೊಂಡಿದ್ದಾಳೆ. ಆದರೂ ಹಾರಿದಳು. ಒಮ್ಮೆಯಲ್ಲ, ಸುತ್ತಿನ ಮೇಲೆ ಸುತ್ತು.

ನನ್ನ ಮಟ್ಟಿಗೆ ಇಡೀ ಕಥೆಯ ತಿರುಳು ಇಲ್ಲಿದೆ. ತೋಟದ ಬಾವಿಗೆ ಹಾರಿ ಹೊಟ್ಟೆ ಕೆಂಪಗೆ ಮಾಡಿಕೊಂಡವರಿಗೆ ನೀರು ಎಷ್ಟು ಗಟ್ಟಿ ಎಂಬುದು ಗೊತ್ತು. ಮೂರು ಮೀಟರ್ ಎತ್ತರದಿಂದ ಸುಮ್ಮನೆ ಬಿದ್ದರೂ ನೀರು ಮುಟ್ಟುವಾಗ ವೇಗ ಗಂಟೆಗೆ ಸುಮಾರು 28 ಕಿ.ಮೀ. ಇರುತ್ತದೆ, ಬೀಳಲು ಒಂದು ಸೆಕೆಂಡೂ ಬೇಡ. ಹಲಗೆ ಚಿಮ್ಮಿಸಿದರೆ ಇನ್ನೊಂದಿಷ್ಟು ಹೊತ್ತು ಸಿಗುತ್ತದೆ, ಅಷ್ಟೇ. ಅಷ್ಟರಲ್ಲಿ ಮುದುಡಿ, ತಿರುಗಿ, ಬಿಚ್ಚಿಕೊಂಡು, ಕೈಬೆರಳಿನಿಂದ ಕಾಲ್ಬೆರಳಿನವರೆಗೆ ನೇರವಾಗಿ ನೀರಿಗಿಳಿಯಬೇಕು. ಗಾಳಿಯಲ್ಲಿರುವಾಗ ಯೋಚಿಸಲು ಸಮಯವಿಲ್ಲ. ಯೋಚನೆಯೆಲ್ಲ ಹಲಗೆಯ ಮೇಲೆಯೇ ಮುಗಿದಿರಬೇಕು. ಭಯ ಹೋಗುವವರೆಗೆ ಕಾಯುತ್ತೇನೆ ಎನ್ನುವವರು ಮೆಟ್ಟಿಲು ಇಳಿದು ವಾಪಸ್ ಬರಬೇಕಾಗುತ್ತದೆ. ಭಯ ಇಟ್ಟುಕೊಂಡೇ ಲೆಕ್ಕ ತಪ್ಪದಂತೆ ಹಾರುವುದನ್ನು ಎಳೆಯ ವಯಸ್ಸಿನಲ್ಲಿ ಇಷ್ಟು ನೇರವಾಗಿ ಕಲಿಸುವ ಕ್ರೀಡೆ ನನಗೆ ಬೇರೆ ಕಾಣದು. ಹಾಗೆಂದು ಆಳ ಗೊತ್ತಿಲ್ಲದ ಕೆರೆಗೆ ತಲೆಕೆಳಗಾಗಿ ಹಾರುವುದು ಡೈವಿಂಗ್ ಅಲ್ಲ. ಕುತ್ತಿಗೆ ಮುರಿದುಕೊಳ್ಳುವ ದಾರಿ ಅದು. ಐಲೀನ್‌ಗೆ ಕೋಚ್ ಇದ್ದರು, ಅಭ್ಯಾಸವಿತ್ತು.

ಇನ್ನು ಅವಳ ಗಾತ್ರ. ಕೊರತೆ ಎಂದು ಎಣಿಸಿದ್ದೇ ನೆರವಿಗೆ ಬಂದಿರಬೇಕು ಎನ್ನುತ್ತದೆ ನನ್ನ ಎಂಜಿನಿಯರಿಂಗ್ ಬುದ್ಧಿ. ಪುಟ್ಟ ದೇಹವನ್ನು ಗಾಳಿಯಲ್ಲಿ ತಿರುಗಿಸುವುದು ಸುಲಭ, ನೀರೂ ಕಡಿಮೆ ಚಿಮ್ಮುತ್ತದೆ. ಫಲಿತಾಂಶ ಬಂದಾಗ ಐಲೀನ್‌ಗೆ ಚಿನ್ನ, ಹೆಲೆನ್‌ಗೆ ಬೆಳ್ಳಿ. ಹಡಗು ಹತ್ತಿಸುವುದೇ ಬೇಡ ಎಂದಿದ್ದ ಇಬ್ಬರು!

ನಾಲ್ಕು ವರ್ಷಗಳ ನಂತರ ಪ್ಯಾರಿಸ್‌ನಲ್ಲಿ ಆಕೆ ಸ್ಪ್ರಿಂಗ್‌ಬೋರ್ಡ್‌ನಲ್ಲಿ ಬೆಳ್ಳಿ, 100 ಮೀಟರ್ ಬ್ಯಾಕ್‌ಸ್ಟ್ರೋಕ್‌ನಲ್ಲಿ ಕಂಚು ಗೆದ್ದಳು. ಒಂದೇ ಒಲಿಂಪಿಕ್ಸ್‌ನಲ್ಲಿ ಡೈವಿಂಗ್, ಈಜು ಎರಡರಲ್ಲೂ ಪದಕ ಪಡೆದ ಮೊದಲ ಮಹಿಳೆ ಎನಿಸಿದಳು. ಡೈವಿಂಗ್ ಕಟ್ಟಿಕೊಟ್ಟ ಮೈಕಟ್ಟು ಈಜಿಗೂ ಒದಗಿತು ಎನ್ನಲು ಇದಕ್ಕಿಂತ ಸಾಕ್ಷಿ ಬೇಕೆ?

ಪದಕವೇನೋ ಬಂತು, ಹೊಟ್ಟೆಪಾಡು? ಆಗಿನ ನಿಯಮದ ಪ್ರಕಾರ ಕ್ರೀಡೆಯಿಂದ ಹಣ ಪಡೆದವರಿಗೆ ಒಲಿಂಪಿಕ್ಸ್ ಬಾಗಿಲು ಮುಚ್ಚುತ್ತಿತ್ತು. 20ನೇ ವಯಸ್ಸಿಗೆ, ಅಂದರೆ ಈಗ ನನಗಿರುವ ವಯಸ್ಸಿಗೆ, ಐಲೀನ್ ಆ ಬಾಗಿಲನ್ನು ತಾನೇ ಮುಚ್ಚಿ ವೃತ್ತಿಪರಳಾದಳು. ಇಂಗ್ಲಿಷ್ ಕಡಲ್ಗಾಲುವೆ ಈಜಿದ ಗರ್ಟ್ರೂಡ್ ಎಡರ್ಲಿ ಕೂಡ ಅದೇ ಕ್ಲಬ್‌ನವಳು. ಅವಳ ಜೊತೆ ನೀರಿನ ತೊಟ್ಟಿಯನ್ನೇ ಊರಿಂದೂರಿಗೆ ಸಾಗಿಸಿಕೊಂಡು ಪ್ರದರ್ಶನ ಕೊಟ್ಟಳು. ಸಿನಿಮಾದಲ್ಲಿ ಕಾಣಿಸಿಕೊಂಡಳು, ಪತ್ರಿಕೆಗಳಿಗೆ ಬರೆದಳು. 1937ರಲ್ಲಿ ಕ್ಲೀವ್‌ಲ್ಯಾಂಡ್‌ನಲ್ಲಿ ನಡೆದ ದೊಡ್ಡ ಜಲಪ್ರದರ್ಶನವನ್ನು ಸಜ್ಜುಗೊಳಿಸುವುದರಲ್ಲೂ ಆಕೆಯ ಪಾಲಿತ್ತು. ಒಂದೇ ವಿದ್ಯೆಯಿಂದ ಇಷ್ಟು ಬಗೆಯ ಕೆಲಸ ಹುಟ್ಟಿಸಿಕೊಂಡ ಜಾಣತನ ನನಗೆ ಚಿನ್ನದ ಪದಕಕ್ಕಿಂತ ಒಂದು ಕೈ ಮೇಲೆಯೇ ಅನಿಸುತ್ತದೆ.

ಮುಂದೆ ಆಕೆ ಹವಾಯಿಯಲ್ಲಿ ನೆಲೆಸಿದಳು. ನೀರು ಬಿಡಲಿಲ್ಲ. ಎಂಬತ್ತು ದಾಟಿದ ಮೇಲೂ ಹಿರಿಯರ ಈಜು ಸ್ಪರ್ಧೆಗಳಿಗೆ ಇಳಿದು ತನ್ನ ವಯಸ್ಸಿನ ವಿಭಾಗದಲ್ಲಿ ದಾಖಲೆ ಬರೆದಳು. ಫ್ಲೂ ಬಂದು ಸೊರಗಿದ್ದ ಆ ಹುಡುಗಿ ಹೊನೊಲುಲುವಿನಲ್ಲಿ ಕಣ್ಣುಮುಚ್ಚಿದ್ದು 2002ರ ಅಕ್ಟೋಬರ್‌ನಲ್ಲಿ, 96ನೇ ವಯಸ್ಸಿನಲ್ಲಿ.