ಚಿತ್ರಕಥೆಗಳ ಅಂಕಲ್ ಅನಂತ ಪೈ

ನಮ್ಮ ಗೋಡೆ ಪತ್ರಿಕೆಗೆ ಗಾಂಧೀಜಿ, ವಿವೇಕಾನಂದರ ಜೀವನ ಚರಿತ್ರೆ ಎಲ್ಲರೂ ಬರೆಯುತ್ತಾರೆ. ನಾನು ಈ ಸಲ ಚಿತ್ರಕಥೆ ಪುಸ್ತಕ ಮಾಡಿದವರ ಬಗ್ಗೆ ಬರೆಯುತ್ತೇನೆ. ಚಿತ್ರಕಥೆ ಓದಿದರೆ ಅಭ್ಯಾಸ ಕೆಡ್ತದ ಅಂತ ದೊಡ್ಡವರು ಬೈತಾರ. ಇವರ ಕಥೆ ಓದಿದ ಮೇಲೆ ಬೈಯೋದು ಸ್ವಲ್ಪ ಕಡಿಮೆ ಆಗಬಹುದು.

ಅನಂತ ಪೈ ಅವರು 1929ನೇ ಇಸ್ವಿ ಸೆಪ್ಟೆಂಬರ್ 17ರಂದು ಕಾರ್ಕಳದಲ್ಲಿ ಹುಟ್ಟಿದರು. ಕಾರ್ಕಳ ಅಂದ್ರ ಗುಡ್ಡದ ಮ್ಯಾಲೆ ದೊಡ್ಡ ಗೊಮ್ಮಟ ನಿಂತಾನಲ್ಲ, ಅದೇ ಊರು. ತಂದೆ ವೆಂಕಟರಾಯ, ತಾಯಿ ಸುಶೀಲಾ. ಮನೆ ಮಾತು ಕೊಂಕಣಿ. ಅವರಿಗೆ ಎರಡು ವರ್ಷ ಇದ್ದಾಗಲೇ ತಂದೆ ತಾಯಿ ಇಬ್ಬರೂ ತೀರಿಕೊಂಡರು. ಎರಡು ವರ್ಷದ ಕೂಸಿಗೆ ಅವ್ವನ ಮುಖ ನೆನಪು ಇರೋದಿಲ್ಲ. ಮನೆಯ ಹಿರಿಯರೇ ಸಾಕಿದರು. ಹನ್ನೆರಡು ವರ್ಷ ಆದಾಗ ಮುಂಬಯಿಗೆ ಹೋದರು. ಅಂದ್ರ ನಮಗಿಂತ ಒಂದು ವರ್ಷ ಸಣ್ಣವರಿದ್ದಾಗ! ಅಲ್ಲಿ ಮಾಹಿಮ್ ಎಂಬಲ್ಲಿಯ ಶಾಲೆಯಲ್ಲಿ ಕಲಿತು, ಮುಂದೆ ರಸಾಯನ ಶಾಸ್ತ್ರ, ಭೌತ ಶಾಸ್ತ್ರ ಹಾಗೂ ರಾಸಾಯನಿಕ ತಂತ್ರಜ್ಞಾನ ಓದಿದರು. ಇಷ್ಟು ಓದಿದವರು ಯಾವುದಾದರೂ ಕಾರಖಾನೆಯಲ್ಲಿ ದೊಡ್ಡ ಸಾಹೇಬರಾಗಬಹುದಿತ್ತು. ಆದರೆ ಅವರ ಮನಸ್ಸು ಪುಸ್ತಕದ ಕಡೆ ಇತ್ತು.

1954ರಲ್ಲಿ ಮಕ್ಕಳಿಗಾಗಿ ಮಾನವ್ ಎಂಬ ಪತ್ರಿಕೆ ಶುರು ಮಾಡಿದರು. ಅದು ನಡೀಲಿಲ್ಲ. ಆಮೇಲೆ ಟೈಮ್ಸ್ ಆಫ್ ಇಂಡಿಯಾ ಪತ್ರಿಕೆಯವರ ಪುಸ್ತಕ ವಿಭಾಗದಲ್ಲಿ ಕೆಲಸಕ್ಕೆ ಸೇರಿಕೊಂಡರು. ಅಲ್ಲಿ ಅವರಿಗೆ ಫ್ಯಾಂಟಮ್ ಗಂಟು ಬಿದ್ದ.

ಫ್ಯಾಂಟಮ್ ಯಾರು ಅಂತ ಕೆಲವರಿಗೆ ಗೊತ್ತಿರಲಿಕ್ಕಿಲ್ಲ. ಅಮೆರಿಕದ ಲೀ ಫಾಕ್ ಎಂಬವರು ಈ ಕಥೆ ಕಟ್ಟಿದರು. 1936ರ ಫೆಬ್ರವರಿ 17ರಿಂದ ಅದು ಅಲ್ಲಿಯ ದಿನಪತ್ರಿಕೆಗಳಲ್ಲಿ ಬರಲಿಕ್ಕೆ ಹತ್ತಿತು. ದಿನಕ್ಕೆ ಒಂದೇ ಸಾಲು, ಅದರಾಗ ಮೂರೋ ನಾಲ್ಕೋ ಚಿತ್ರ. ಮುಂದೇನಾಯ್ತು ಅಂತ ತಿಳೀಬೇಕಾದರೆ ಮರುದಿನದ ಪೇಪರ್ ಬರೋ ತನಕ ಕಾಯಬೇಕು. ಹೀಗೆ ಒಂದು ಕಥೆ ತಿಂಗಳುಗಟ್ಟಲೆ ನಡೆಯುತ್ತಿತ್ತು. ಫ್ಯಾಂಟಮ್ ಕಾಡಿನ ನಡುವೆ ತಲೆಬುರುಡೆ ಆಕಾರದ ಗವಿಯಲ್ಲಿ ಇರುತ್ತಾನೆ. ಕಣ್ಣಿಗೆ ಮುಸುಕು, ಜೊತೆಗೆ ಒಂದು ಬಿಳಿ ಕುದುರೆ, ಒಂದು ತೋಳ. ಅವನಿಗೆ ಸಾವೇ ಇಲ್ಲ ಅಂತ ಕಾಡಿನ ಜನ ನಂಬುತ್ತಾರೆ. ನಿಜ ಏನಂದ್ರ ಅಪ್ಪ ಸತ್ತ ಮೇಲೆ ಮಗ ಅದೇ ವೇಷ ಹಾಕಿಕೊಳ್ಳುತ್ತಾನೆ. ಹೀಗೆ 1536ರಿಂದ ನಡೆದು ಬಂದು, ಈಗಿನವನು 21ನೆಯವನು. ಇದು ನಮ್ಮಲ್ಲಿ ಮಠದ ಪೀಠಕ್ಕೆ ಒಬ್ಬರಾದ ಮೇಲೆ ಒಬ್ಬರು ಸ್ವಾಮಿಗಳು ಬಂದರೂ ಹೆಸರು ಒಂದೇ ಇರುತ್ತದಲ್ಲ, ಹಾಗೆ ಅನ್ನಬಹುದು.

ಟೈಮ್ಸ್‌ನವರು 1964ರ ಮಾರ್ಚ್‌ನಲ್ಲಿ ಇಂದ್ರಜಾಲ್ ಕಾಮಿಕ್ಸ್ ಎಂಬ ಬಣ್ಣದ ಪುಸ್ತಕಗಳನ್ನು ಹೊರತಂದರು. ಅದರ ಮೊದಲ ಪುಸ್ತಕವೇ ಫ್ಯಾಂಟಮ್ಮನ ಬೆಲ್ಟು. ಈ ಕಥೆ ಅಮೆರಿಕದ ಪೇಪರಿನಲ್ಲಿ 1954ರಲ್ಲಿ ಬಂದಿತ್ತು. ಹತ್ತು ವರ್ಷ ಆದ ಮೇಲೆ ನಮ್ಮ ದೇಶದ ಹುಡುಗರ ಕೈಗೆ ಪುಸ್ತಕವಾಗಿ ಬಂತು. ಕಥೆ ಹೀಗಿದೆ. ಒಬ್ಬ ಕಡಲುಗಳ್ಳ ಫ್ಯಾಂಟಮ್ಮನ ಅಪ್ಪನಿಗೆ ಹಿಂದಿನಿಂದ ಚೂರಿ ಹಾಕಿ, ಅವನ ಬೆಲ್ಟು ಕದ್ದುಕೊಂಡು ಹೋಗಿರುತ್ತಾನೆ. ಮಗ ಆ ಬೆಲ್ಟನ್ನೂ ಆ ಕೊಲೆಗಾರನನ್ನೂ ಹುಡುಕಿಕೊಂಡು ಹೋಗುತ್ತಾನೆ. ಅಪ್ಪನ ಒಂದು ಬೆಲ್ಟಿಗಾಗಿ ಜೀವ ಪಣಕ್ಕಿಡೋದು. ಅಪ್ಪ ಇಲ್ಲದವರಿಗೆ ಅದರ ಬೆಲೆ ಹೆಚ್ಚು ತಿಳೀತದ ಅಂತ ನನಗೆ ಅನಿಸ್ತು. ಅನಂತ ಪೈ ಅವರಿಗೂ ಅಪ್ಪ ಇರಲಿಲ್ಲ.

ಪೇಪರಿನ ಕಥೆಯನ್ನು ಪುಸ್ತಕ ಮಾಡೋದು ಸರಳ ಕೆಲಸ ಅಲ್ಲ. ದಿನಾ ಬಂದ ಒಂದೊಂದು ಸಾಲನ್ನು ಕತ್ತರಿಸಿ, ಪುಟಕ್ಕೆ ಸರಿಯಾಗಿ ಜೋಡಿಸಬೇಕು. ಜಾಗ ಸಾಲದಿದ್ದರೆ ಕೆಲವು ಚಿತ್ರ ಬಿಡಬೇಕು. ಕಪ್ಪು ಬಿಳುಪು ಇದ್ದದ್ದಕ್ಕೆ ಬಣ್ಣ ಹಾಕಬೇಕು. ಇನ್ನೊಂದು ತೊಂದರೆಯೂ ಇತ್ತು. ಇಂಗ್ಲಿಷ್ ಕಥೆಯಲ್ಲಿ ಫ್ಯಾಂಟಮ್ಮನ ನಾಡಿನ ಹೆಸರು ಬೆಂಗಾಲಿ ಅಂತ, ಕಡಲುಗಳ್ಳರ ಹೆಸರು ಸಿಂಗ್ ಅಂತ, ಅಪ್ಪನನ್ನು ಕೊಂದವನ ಹೆಸರು ರಾಮ ಅಂತ ಇತ್ತು! ನಮ್ಮ ದೇಶದಲ್ಲಿ ಇದನ್ನು ಹಾಗೇ ಅಚ್ಚು ಹಾಕಿದರೆ ಜನ ಸುಮ್ಮನಿರ್ತಾರೇನು? ಅದಕ್ಕೆ ಬೆಂಗಾಲಿಯನ್ನು ಡೆಂಕಾಲಿ ಮಾಡಿದರು, ಸಿಂಗ್ ಹೋಗಿ ಸಿಂಗಾ ಆಯಿತು, ರಾಮ ಹೋಗಿ ರಾಮಲು ಆದ. ಹಿಂದಿ ಮತ್ತು ಮರಾಠಿಯಲ್ಲಿ ಫ್ಯಾಂಟಮ್ಮನಿಗೇ ವೇತಾಳ ಅಂತ ಹೆಸರು ಇಟ್ಟರು. ಕನ್ನಡದಲ್ಲಿಯೂ ಇಂದ್ರಜಾಲ್ ಪುಸ್ತಕಗಳು ಬಂದವು. ಎಲ್ಲಾ ಸೇರಿ ಎಂಟು ನೂರಕ್ಕೂ ಹೆಚ್ಚು ಸಂಚಿಕೆ ಆಗಿ, 1990ರಲ್ಲಿ ನಿಂತು ಹೋಯಿತು.

ಪೈ ಅವರು ಅಷ್ಟು ದಿನ ಅಲ್ಲಿ ಇರಲಿಲ್ಲ. 1967ರ ಫೆಬ್ರವರಿಯಲ್ಲಿ ಅವರು ದಿಲ್ಲಿಗೆ ಹೋಗಿದ್ದರು. ಆಗ ನಮ್ಮ ದೇಶದಲ್ಲಿ ಟಿ.ವಿ. ಇದ್ದದ್ದು ದಿಲ್ಲಿಯಲ್ಲಿ ಮಾತ್ರ. ಒಂದು ಅಂಗಡಿಯಲ್ಲಿ ಟಿ.ವಿ. ಹಚ್ಚಿದ್ದರು, ಅದರಲ್ಲಿ ರಸಪ್ರಶ್ನೆ ಕಾರ್ಯಕ್ರಮ ನಡೆದಿತ್ತು. ಗ್ರೀಕರ ದೇವರ ಬಗ್ಗೆ ಕೇಳಿದಾಗ ಹುಡುಗರು ಪಟ್ಟನೆ ಉತ್ತರ ಹೇಳಿದರು. ರಾಮನ ತಾಯಿ ಯಾರು ಅಂತ ಕೇಳಿದರೆ ಒಬ್ಬರಿಗೂ ಬರಲಿಲ್ಲ. ಕೌಸಲ್ಯೆ ಅಂತ ನಮ್ಮ ಶಾಲೆಯ ಒಂದನೇ ವರ್ಗದವರೂ ಹೇಳ್ತಾರ! ಪೈ ಅವರಿಗೆ ಇದು ಭಾಳ ಚುಚ್ಚಿತು. ಫ್ಯಾಂಟಮ್ಮನ ಕಥೆಯನ್ನು ಹುಡುಗರು ಇಷ್ಟು ಆಸೆಯಿಂದ ಓದುತ್ತಾರಲ್ಲ, ಅದೇ ರೀತಿ ನಮ್ಮ ಕಥೆಗಳನ್ನು ಚಿತ್ರದಲ್ಲಿ ಹೇಳಿದರೆ ಹ್ಯಾಂಗ ಅಂತ ವಿಚಾರ ಮಾಡಿದರು. ಕೈಯಲ್ಲಿದ್ದ ನೌಕರಿ ಬಿಟ್ಟರು. ಪ್ರಕಾಶಕರ ಹತ್ತಿರ ಹೋದರೆ ಅನೇಕರು ಆಗೋದಿಲ್ಲ ಅಂದರು. ಕಡೆಗೆ ಇಂಡಿಯಾ ಬುಕ್ ಹೌಸ್‌ನ ಮೀರ್‌ಚಂದಾನಿ ಎಂಬವರು ಒಪ್ಪಿದರು. ಅದೇ ಅಮರ ಚಿತ್ರ ಕಥೆ. ಮೊದಲು ಮಾಡಿದ್ದು ಕೃಷ್ಣನ ಕಥೆ. ಚಿತ್ರ ಬರೆದವರು ರಾಮ್ ವಾಯೀರ್‌ಕರ್.

ಇಲ್ಲಿ ನಮ್ಮ ಕನ್ನಡಕ್ಕೆ ಸಂಬಂಧಪಟ್ಟ ಒಂದು ಮುಖ್ಯ ವಿಷಯ ಇದೆ. ಕೃಷ್ಣ ಪುಸ್ತಕದ ಮೇಲೆ ಸಂಖ್ಯೆ 1 ಇಲ್ಲ, 11 ಇದೆ. ಹಂಗಾದ್ರ ಮೊದಲಿನ ಹತ್ತು ಎಲ್ಲಿ ಹೋದವು? ಅವು ಬೆಂಗಳೂರಿನವು. ಜಿ. ಕೆ. ಅನಂತರಾಮ್ ಎಂಬವರು 1965ರಲ್ಲಿಯೇ ಸಿಂಡರೆಲ್ಲಾ, ಹಿಮಬಿಳುಪಿನ ರಾಜಕುಮಾರಿ, ಅಲ್ಲಾವುದ್ದೀನ ಮುಂತಾದ ಹತ್ತು ಪರದೇಶದ ಕಥೆಗಳನ್ನು ಕನ್ನಡಕ್ಕೆ ಮಾಡಿಸಿ ಅಮರ ಚಿತ್ರ ಕಥೆ ಎಂದು ಹೊರತಂದಿದ್ದರು. ಅಂದರೆ ಈ ಹೆಸರಿನ ಮೊದಲ ಪುಸ್ತಕಗಳು ಇಂಗ್ಲಿಷಿನಲ್ಲಿ ಅಲ್ಲ, ಕನ್ನಡದಲ್ಲಿ ಹುಟ್ಟಿದವು. ಎಲ್ಲರೂ ಪೈ ಅವರ ಹೆಸರನ್ನಷ್ಟೇ ಹೇಳುತ್ತಾರೆ, ಅನಂತರಾಮ್ ಅವರ ಹೆಸರು ಹೇಳೋದು ಕಡಿಮೆ. ಇದು ನನಗೆ ಸರಿ ಕಾಣಲಿಲ್ಲ, ಅದಕ್ಕೆ ಇಲ್ಲಿ ಬರೆದೆ. ಆದರೆ ದೇಶದ ತುಂಬಾ ನಮ್ಮದೇ ಕಥೆ ಮುಟ್ಟಿಸಿದ್ದು ಪೈ ಅವರು, ಅದೂ ಸುಳ್ಳಲ್ಲ.

ಮೊದಲು ಮೊದಲು ಪುಸ್ತಕ ಮಾರುವುದೇ ಕಷ್ಟ ಆಯಿತು. ಪೈ ಅವರೇ ಶಾಲೆಗಳಿಗೆ ಹೋಗಿ ಗುರುಗಳಿಗೆ ತಿಳಿಸಿ ಹೇಳುತ್ತಿದ್ದರು. ಚಿತ್ರಕಥೆಯಿಂದ ಹುಡುಗರು ಕೆಡ್ತಾರ ಅಂತ ಆಗಿನ ಗುರುಗಳೂ ಅನ್ನುತ್ತಿದ್ದರಂತೆ. 1978ರಲ್ಲಿ ದಿಲ್ಲಿಯಲ್ಲಿ ಶಾಲೆಯ ಪಾಠಕ್ಕೆ ಚಿತ್ರಕಥೆ ಹೇಗೆ ಉಪಯೋಗ ಎಂಬ ಬಗ್ಗೆ ಒಂದು ವಿಚಾರ ಸಂಕಿರಣವೇ ನಡೆಯಿತು. ಆಮೇಲೆ ಮಾರಾಟ ಏರಿತು. ಇಪ್ಪತ್ತಕ್ಕೂ ಹೆಚ್ಚು ಭಾಷೆಗಳಲ್ಲಿ, ನಾಲ್ಕು ನೂರಕ್ಕೂ ಹೆಚ್ಚು ಕಥೆಗಳು, ಎಂಟು ಕೋಟಿಗಿಂತಾ ಜಾಸ್ತಿ ಪ್ರತಿ ಮಾರಿವೆ. ಅದರಲ್ಲಿ ಬಸವೇಶ್ವರರ ಕಥೆಯೂ ಒಂದು. ನಮ್ಮ ಜಿಲ್ಲೆಯ ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರನ್ನು ದೂರದ ಊರಿನ ಹುಡುಗರು ಚಿತ್ರದಲ್ಲಿ ನೋಡಿದ್ದು ಇವರಿಂದಲೇ.

ಪೇಪರಿನ ಸಾಲು ಚಿತ್ರಗಳನ್ನೂ ಅವರು ಮರೆಯಲಿಲ್ಲ. 1969ರಲ್ಲಿ ರಂಗ ರೇಖಾ ಫೀಚರ್ಸ್ ಎಂಬ ಸಂಸ್ಥೆ ಕಟ್ಟಿದರು. ಒಂದೇ ಕಡೆ ಚಿತ್ರ ಬರೆಸಿ ಬೇರೆ ಬೇರೆ ಪತ್ರಿಕೆಗಳಿಗೆ ಕೊಡೋದು ಇದರ ಕೆಲಸ. ಒಂದೊಂದು ಪತ್ರಿಕೆ ಸ್ವಲ್ಪ ಸ್ವಲ್ಪ ರೊಕ್ಕ ಕೊಟ್ಟರೂ ಕಲಾವಿದನ ಹೊಟ್ಟೆ ತುಂಬುತ್ತದೆ. ಫ್ಯಾಂಟಮ್ ಸಹ ಅಮೆರಿಕದಲ್ಲಿ ಹೀಗೇ ಊರೂರ ಪೇಪರಿಗೆ ಹೋಗುತ್ತಿತ್ತು.

1980ರಲ್ಲಿ ಟಿಂಕಲ್ ಎಂಬ ಮಕ್ಕಳ ಪತ್ರಿಕೆ ತೆಗೆದರು. ಅಷ್ಟೊತ್ತಿಗೆ ಮಾನವ್ ನಿಂತು ಎಷ್ಟೋ ವರ್ಷ ಆಗಿತ್ತು. ಈ ಸಲ ಪತ್ರಿಕೆ ನಿಲ್ಲಲಿಲ್ಲ. ಅದರಲ್ಲಿ ಬರುವ ಸುಪ್ಪಂದಿ ಎಂಬ ಪೆದ್ದ ಆಳಿನ ಕಥೆಯನ್ನು ಕೊಟ್ಟವರು ತಮಿಳುನಾಡಿನ ಒಬ್ಬ ಓದುಗರು, 1983ರಲ್ಲಿ. ದೊಡ್ಡ ಲೇಖಕರೇ ಬರೀಬೇಕು ಅಂತ ಏನೂ ಇರಲಿಲ್ಲ. ಮಕ್ಕಳು ಕಾಗದ ಬರೆದರೆ ಪೈ ಅವರು ಅಂಕಲ್ ಪೈ ಅಂತ ಸಹಿ ಮಾಡಿ ಉತ್ತರ ಬರೆಯುತ್ತಿದ್ದರು. ನಮ್ಮ ಕಡೆ ಆಗಿದ್ರ ಪೈ ಕಾಕಾ ಅಂತಿದ್ವಿ. ಅವರಿಗೆ ಸ್ವಂತ ಮಕ್ಕಳು ಇರಲಿಲ್ಲ. ಹೆಂಡತಿ ಲಲಿತಾ ಅವರೂ ಈ ಕೆಲಸದಲ್ಲಿ ಜೊತೆಯಾಗಿದ್ದರು.

2011ರ ಫೆಬ್ರವರಿ 19ರಂದು ದಿಲ್ಲಿಯಲ್ಲಿ ನಡೆದ ಚಿತ್ರಕಥೆಗಳ ಮೊದಲ ದೊಡ್ಡ ಮೇಳದಲ್ಲಿ ಅವರ ಜೀವಮಾನದ ಕೆಲಸಕ್ಕೆ ಪ್ರಶಸ್ತಿ ಸಾರಿದರು. ಐದೇ ದಿನಕ್ಕೆ, ಫೆಬ್ರವರಿ 24ರಂದು, ಮುಂಬಯಿಯಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಆಗ ಅವರಿಗೆ 81 ವರ್ಷ. ನಾವು ಯಾರೂ ಇನ್ನೂ ಹುಟ್ಟಿರಲಿಲ್ಲ. ಅದೇ ವರ್ಷ ಸೆಪ್ಟೆಂಬರ್ 17ಕ್ಕೆ, ಅವರ ಹುಟ್ಟಿದ ದಿನ, ಗೂಗಲ್‌ನವರು ತಮ್ಮ ಹೆಸರಿನ ಜಾಗದಲ್ಲಿ ಚಿತ್ರಕಥೆಯ ಹಾಗೆ ಚೌಕಟ್ಟು ಹಾಕಿ ಅವರ ಚಿತ್ರ ಬರೆದಿದ್ದರು.

– 7ನೇ ವರ್ಗ, ಗೊಳಸಂಗಿ